ಪಿಯುಸಿ ಸಾವಯವ ರಸಾಯನಶಾಸ್ತ್ರ: ಬಾಯಿಪಾಠ ಬಿಟ್ಟು ಬಾಣ ಹಿಡಿದು ಓದುವ ಕ್ರಮ

ಹಾಸನ, ಚಿಕ್ಕಮಗಳೂರು ಕಡೆ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಕ್ಕಳಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಎರಡು ಕಡೆಯಿಂದ ಕಷ್ಟ ಕೊಡುತ್ತದೆ. ಪಾಠದ ಭಾಷೆ ಬದಲಾಗಿರುತ್ತದೆ. ಅದರ ಜೊತೆಗೆ, ಈ ವಿಷಯಕ್ಕೆ ಅಡಿಪಾಯವಾದ ಎರಡು ಅಧ್ಯಾಯಗಳು, ಅಂದರೆ ಮೂಲತತ್ವಗಳು ಮತ್ತು ಹೈಡ್ರೋಕಾರ್ಬನ್‌ಗಳು, ಪ್ರಥಮ ಪಿಯುಸಿ ಪುಸ್ತಕದ ತೀರಾ ಕೊನೆಗಿವೆ. ಪರೀಕ್ಷೆ ಹತ್ತಿರ ಬಂದಾಗ ಅವನ್ನು ಓಡಿಸಿ ಮುಗಿಸುವುದು ಮಾಮೂಲು. ಮರುವರ್ಷ ಹ್ಯಾಲೋಆಲ್ಕೇನ್, ಆಲ್ಕೋಹಾಲ್-ಫೀನಾಲ್-ಈಥರ್, ಆಲ್ಡಿಹೈಡ್-ಕೀಟೋನ್-ಕಾರ್ಬಾಕ್ಸಿಲಿಕ್ ಆಮ್ಲ, ಅಮೀನ್, ಜೈವಿಕ ಅಣುಗಳು ಎಂದು ಐದು ಅಧ್ಯಾಯ ಸಾಲಾಗಿ ಬಂದು ನಿಲ್ಲುತ್ತವೆ. ಅಡಿಪಾಯ ಗಟ್ಟಿಯಿಲ್ಲದವರಿಗೆ ಉರು ಹೊಡೆಯುವುದೊಂದೇ ದಾರಿ ಕಾಣುತ್ತದೆ. ಹಾಗೆ ಉರು ಹೊಡೆದದ್ದು ಎರಡನೇ ಅಧ್ಯಾಯ ಮುಗಿಯುವಷ್ಟರಲ್ಲಿ ಒಂದಕ್ಕೊಂದು ಕಲಸಿಹೋಗುತ್ತದೆ.

ಇಲ್ಲಿ ಹೇಳುವ ಕ್ರಮ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಈ ಅಣುವಿನಲ್ಲಿ ಎಲೆಕ್ಟ್ರಾನ್ ಎಲ್ಲಿ ದಟ್ಟವಾಗಿದೆ, ಎಲ್ಲಿ ತೆಳುವಾಗಿದೆ? ಪ್ರತಿ ಕ್ರಿಯೆಯಲ್ಲೂ ಇದನ್ನು ಕೇಳಿ, ಉತ್ತರವನ್ನು ಬಾಣ (ಎಲೆಕ್ಟ್ರಾನ್ ಜೋಡಿ ಎಲ್ಲಿಂದ ಎಲ್ಲಿಗೆ ಸರಿಯುತ್ತದೆಂದು ತೋರಿಸುವ ಗುರುತು) ಹಾಕಿ ಕೈಯಾರೆ ಬರೆಯುವ ರೂಢಿ ಬಂದರೆ ಬಾಯಿಪಾಠ ಮಾಡಬೇಕಾದ್ದು ಬಹಳ ಕಡಿಮೆಯಾಗುತ್ತದೆ.

ಮೊದಲು ಪದಗಳ ಪುಸ್ತಕ

ಹತ್ತನೇ ತರಗತಿಯ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಪಾಠ ಚೆನ್ನಾಗಿ ಅರ್ಥವಾಗಿದ್ದರೆ ನೀವು ಅರ್ಧ ದಾರಿ ಬಂದಿದ್ದೀರಿ. ಹೆಸರು ಬದಲಾಗಿದೆ ಅಷ್ಟೇ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಹಳೆಯ ಪದ, ಬಲಕ್ಕೆ ಹೊಸ ಪದ, ಕೆಳಗೆ ಒಂದು ಉದಾಹರಣೆ ಬರೆಯಿರಿ. ಕ್ರಿಯಾ ಗುಂಪು ಅಂದರೆ ಫಂಕ್ಷನಲ್ ಗ್ರೂಪ್. ಅನುರೂಪ ಶ್ರೇಣಿ ಅಂದರೆ ಹೋಮೋಲಾಗಸ್ ಸೀರೀಸ್. ಸಂಕಲನ ಅಂದರೆ ಅಡಿಷನ್. ಆದೇಶನ ಅಂದರೆ ಸಬ್‌ಸ್ಟಿಟ್ಯೂಷನ್. ಹೊಸದಾಗಿ ಬರುವ ಪದಗಳಿಗೆ ನಿಮ್ಮದೇ ಕನ್ನಡ ವಿವರಣೆ ಇರಲಿ. ‘ಫೈಲ್’ ಅಂದರೆ ಪ್ರೀತಿಸುವುದು. ಧನ ಆವೇಶದ ಜಾಗವನ್ನು ಹುಡುಕಿಕೊಂಡು ಹೋಗಿ ಎಲೆಕ್ಟ್ರಾನ್ ಜೋಡಿ ಕೊಡುವುದು ನ್ಯೂಕ್ಲಿಯೋಫೈಲ್, ಎಲೆಕ್ಟ್ರಾನ್‌ಗೆ ಕೈಚಾಚುವುದು ಎಲೆಕ್ಟ್ರೋಫೈಲ್. ಅರವತ್ತು ಎಪ್ಪತ್ತು ಪದ ಆದರೆ ಸಾಕು. ಈ ಕೆಲಸಕ್ಕೆ ಎರಡು ವಾರಕ್ಕಿಂತ ಹೆಚ್ಚು ಕೊಡಬೇಡಿ.

ಕಾಗದದ ಮೇಲಿನ ಅಣು, ಕೈಯಲ್ಲಿರುವ ಅಣು

ಕಾರ್ಬನ್‌ನ ನಾಲ್ಕು ಬಂಧಗಳನ್ನು ಕಾಗದದ ಮೇಲೆ ಕೂಡಿಸುವ ಚಿಹ್ನೆಯಂತೆ ಬರೆದೂ ಬರೆದೂ ಅಣು ಚಪ್ಪಟೆ ಎಂಬ ತಪ್ಪು ಕಲ್ಪನೆ ಕೂತುಬಿಡುತ್ತದೆ. ಅದನ್ನು ಅಳಿಸಲು ಒಂದು ಭಾನುವಾರ ಮೀಸಲಿಡಿ. ಆಲೂಗಡ್ಡೆಯನ್ನು ದೊಡ್ಡ ಗೋಲಿಯಷ್ಟು ಗುಂಡಗೆ ಕೊರೆದುಕೊಳ್ಳಿ. ಅದು ಕಾರ್ಬನ್. ಮೂರು ಟೂತ್‌ಪಿಕ್‌ಗಳನ್ನು ಕೆಳಮುಖವಾಗಿ, ಮೂರು ಕಾಲಿನ ಮಣೆಯಂತೆ ಸಮನಾಗಿ ಹರಡಿ ಚುಚ್ಚಿ. ನಾಲ್ಕನೆಯದು ನೆಟ್ಟಗೆ ಮೇಲಕ್ಕೆ. ಯಾವ ಎರಡು ಕಡ್ಡಿಯ ನಡುವೆ ನೋಡಿದರೂ ಕೋನ ಒಂದೇ ಇರಬೇಕು, ಸುಮಾರು 109.5 ಡಿಗ್ರಿ. ಯಾವ ಕಾಲಿನ ಮೇಲೆ ತಿರುಗಿಸಿ ನಿಲ್ಲಿಸಿದರೂ ಆಕಾರ ಒಂದೇ ರೀತಿ ಕಂಡರೆ ಕೋನ ಸರಿ ಬಂದಿದೆ.

ಈಗ ನಾಲ್ಕು ತುದಿಗೆ ನಾಲ್ಕು ಬೇರೆ ಬೇರೆ ವಸ್ತು: ರಾತ್ರಿ ನೆನೆಹಾಕಿದ ಬಟಾಣಿ, ನೆನೆದ ಕಡಲೆಕಾಳು, ನೆನೆದ ಶೇಂಗಾ, ಹುಣಸೆಹಣ್ಣಿನ ಒಂದು ಸಣ್ಣ ಉಂಡೆ. ಮುಂದೆ ಕನ್ನಡಿ ಹಿಡಿದು, ಕನ್ನಡಿಯೊಳಗೆ ಕಂಡಂತೆಯೇ ಇನ್ನೊಂದು ಮಾದರಿ ಮಾಡಿ. ಎರಡನ್ನೂ ಪಕ್ಕದಲ್ಲಿಟ್ಟು ಹೇಗೆ ತಿರುಗಿಸಿದರೂ ನಾಲ್ಕೂ ತುದಿ ಒಟ್ಟಿಗೆ ಹೊಂದುವುದಿಲ್ಲ. ಎರಡು ಹೊಂದಿದರೆ ಇನ್ನೆರಡು ಅದಲುಬದಲಾಗಿರುತ್ತವೆ. ಅದೇ ಕೈರಲ್ ಕಾರ್ಬನ್. ಈಗ ಒಂದು ಮಾದರಿಯಲ್ಲಿ ಶೇಂಗಾ ತೆಗೆದು ಅಲ್ಲಿಗೂ ಬಟಾಣಿ ಚುಚ್ಚಿ, ಇನ್ನೊಂದಕ್ಕೂ ಹಾಗೆಯೇ ಮಾಡಿ. ತಕ್ಷಣ ಎರಡೂ ಹೊಂದಿಬಿಡುತ್ತವೆ. ‘ನಾಲ್ಕೂ ಗುಂಪು ಬೇರೆ ಇರಬೇಕು’ ಎಂಬ ನಿಯಮ ಎಲ್ಲಿಂದ ಬಂತೆಂದು ಇದರಿಂದ ಬೆರಳಿಗೇ ಗೊತ್ತಾಗುತ್ತದೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲದಲ್ಲಿ ಇಂಥ ಕಾರ್ಬನ್ ಎರಡಿವೆ. ಈ ಆಮ್ಲದ ಒಂದು ಲವಣದ ಎಡ-ಬಲ ಹರಳುಗಳನ್ನೇ 1848ರಲ್ಲಿ ಲೂಯಿ ಪಾಸ್ಚರ್ ಕೈಯಾರೆ ಆರಿಸಿ ಬೇರೆ ಮಾಡಿದ್ದು.

ಎಸ್‌ಎನ್2 ಕ್ರಿಯೆಗೂ (ಒಂದು ಗುಂಪು ಹೊರಡುತ್ತಿದ್ದಂತೆಯೇ ಇನ್ನೊಂದು ಬಂದು ಸೇರುವ ಆದೇಶನ) ಇದೇ ಮಾದರಿ ಸಾಕು. ಬಿಟ್ಟುಹೋಗುವ ಗುಂಪಿನ ಹಿಂಬದಿಯಿಂದ ನ್ಯೂಕ್ಲಿಯೋಫೈಲ್ ಬರುತ್ತದೆ, ಉಳಿದ ಮೂರು ಕಡ್ಡಿ ಮಳೆಗಾಲದ ಗಾಳಿಗೆ ಕೊಡೆ ಮಗುಚಿಕೊಂಡಂತೆ ಆಚೆಗೆ ಮಗುಚುತ್ತವೆ. ಆ ಮೂರು ತುದಿಗೂ ದಪ್ಪ ಆಲೂಗಡ್ಡೆ ತುಂಡು ಚುಚ್ಚಿ ನೋಡಿ, ಹಿಂಬದಿಯಿಂದ ಬೆರಳು ತೂರಲು ಜಾಗವಿರುವುದಿಲ್ಲ. ಟರ್ಷಿಯರಿ ಹ್ಯಾಲೈಡ್ (ಹ್ಯಾಲೊಜನ್ ಹೊತ್ತ ಕಾರ್ಬನ್‌ಗೆ ಇನ್ನೂ ಮೂರು ಕಾರ್ಬನ್ ಅಂಟಿರುವುದು) ಎಸ್‌ಎನ್2ಗೆ ಒಗ್ಗದಿರುವುದು ಇದಕ್ಕೇ.

ಹೆಸರಿಡುವುದು: ನಲವತ್ತು ಅಣು, ಒಂದು ವಾರ

ಒಂದು ವಾರದಲ್ಲಿ ನಲವತ್ತು ಅಣುಗಳಿಗೆ ಹೆಸರು ಬರೆದು ಅಭ್ಯಾಸ ಮಾಡಿ. ಹೆಸರು ಬರೆಯುವಾಗ ಆಗುವ ತಪ್ಪುಗಳು ಬೆರಳೆಣಿಕೆಯವು. ಉದ್ದದ ಸರಪಳಿ ನೇರವಾಗಿ ಬರೆದದ್ದೇ ಆಗಿರಬೇಕಿಲ್ಲ, ಅದು ಬಾಗಿಯೂ ಇರಬಹುದು. ಯಾರಾದರೂ ‘2-ಇಥೈಲ್‌ಬ್ಯೂಟೇನ್’ ಎಂದು ಬರೆದರೆ ಅವರು ಬಾಗಿದ ದಾರಿ ನೋಡಿಲ್ಲ ಎಂದೇ ಅರ್ಥ. ಪೆನ್ಸಿಲಿನಲ್ಲಿ ಇಥೈಲ್ ಮೂಲಕ ಎಣಿಸಿದರೆ ಐದು ಕಾರ್ಬನ್ ಸಿಗುತ್ತವೆ, ಸರಿಯಾದ ಹೆಸರು 3-ಮಿಥೈಲ್‌ಪೆಂಟೇನ್. ಎರಡೂ ತುದಿಯಿಂದ ಸಂಖ್ಯೆ ಒಂದೇ ಬಂದರೆ ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮೊದಲು ಬರುವ ಗುಂಪಿಗೆ ಚಿಕ್ಕ ಸಂಖ್ಯೆ; ಹಾಗಾಗಿ 3-ಇಥೈಲ್-5-ಮಿಥೈಲ್‌ಹೆಪ್ಟೇನ್ ಸರಿ, 5-ಇಥೈಲ್-3-ಮಿಥೈಲ್ ತಪ್ಪು. ಡೈ, ಟ್ರೈ ಎಂಬ ಎಣಿಕೆಯ ಪೂರ್ವಪದಗಳನ್ನು ಅಕ್ಷರ ಕ್ರಮಕ್ಕೆ ಲೆಕ್ಕ ಹಿಡಿಯಬೇಡಿ.

ಕ್ರಿಯಾ ಗುಂಪು ಎರಡು ಮೂರಿದ್ದರೆ ದೊಡ್ಡವರು ಯಾರು ಎಂದು ನೋಡಬೇಕು. ಕಾರ್ಬಾಕ್ಸಿಲಿಕ್ ಆಮ್ಲ, ಎಸ್ಟರ್, ಅಮೈಡ್, ನೈಟ್ರೈಲ್, ಆಲ್ಡಿಹೈಡ್, ಕೀಟೋನ್, ಆಲ್ಕೋಹಾಲ್, ಅಮೀನ್: ಈ ಇಳಿಕೆಯ ಸಾಲನ್ನು ಮಾತ್ರ ಬಾಯಿಪಾಠ ಮಾಡಲೇಬೇಕು. ದೊಡ್ಡದಕ್ಕೆ ಹೆಸರಿನ ಬಾಲ, ಉಳಿದವಕ್ಕೆ ಮುಂದಿನ ಜಾಗ. ವೆನಿಲಾದ ಪರಿಮಳದ ವೆನಿಲಿನ್‌ನಲ್ಲಿ ಆಲ್ಡಿಹೈಡ್, ಫೀನಾಲ್, ಈಥರ್ ಮೂರೂ ಇವೆ. ಆಲ್ಡಿಹೈಡ್ ದೊಡ್ಡದಾದ್ದರಿಂದ ಅದರ ಹೆಸರು 4-ಹೈಡ್ರಾಕ್ಸಿ-3-ಮೀಥಾಕ್ಸಿಬೆಂಜಾಲ್ಡಿಹೈಡ್.

ಕ್ರಿಯಾ ಗುಂಪು ಗುರುತಿಸುವ ಅಭ್ಯಾಸಕ್ಕೆ ನಮ್ಮ ತೋಟಗಳಿಗಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಸಿಗುವುದಿಲ್ಲ. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಒಂದು ಅಮೈಡ್. ಕ್ಷಾರದಲ್ಲಿ ಕುದಿಸಿ ಒಡೆದರೆ ಪೈಪರಿಕ್ ಆಮ್ಲದ ಲವಣ ಮತ್ತು ಪೈಪರಿಡಿನ್ ಎಂಬ ಅಮೀನ್. ಏಲಕ್ಕಿಯ ಪರಿಮಳದಲ್ಲಿ 1,8-ಸಿನಿಯೋಲ್ ಎಂಬ ಈಥರ್ ಇದೆ, ಟರ್ಪಿನೈಲ್ ಅಸಿಟೇಟ್ ಎಂಬ ಎಸ್ಟರ್ ಇದೆ. ಹಸಿ ಕಾಫಿ ಬೀಜದ ಕ್ಲೋರೋಜೆನಿಕ್ ಆಮ್ಲವೂ ಎಸ್ಟರ್, ಕೆಫೀಕ್ ಆಮ್ಲ ಮತ್ತು ಕ್ವಿನಿಕ್ ಆಮ್ಲ ಕೂಡಿ ಆದದ್ದು. ಮಲೆನಾಡಿನಲ್ಲಿ ಚಟ್ನಿ ಮಾಡುವ ಚಗಳಿ ಇರುವೆಯ ಹುಳಿ ಫಾರ್ಮಿಕ್ ಆಮ್ಲದ್ದು, ಅಂದರೆ ಮೀಥನೋಯಿಕ್ ಆಮ್ಲ. ಅಡಿಕೆಯ ಅರೆಕೊಲಿನ್‌ನಲ್ಲಿ ಒಂದು ಎಸ್ಟರ್, ಒಂದು ಟರ್ಷಿಯರಿ ಅಮೀನ್; ಎಲೆಗೆ ಸುಣ್ಣ ಹಚ್ಚಿ ಅಗಿದಾಗ ಆ ಎಸ್ಟರ್ ಒಡೆದು ಅರೆಕೈಡಿನ್ ಆಗುತ್ತದೆ. ಪಠ್ಯದಲ್ಲಿ ‘ಎಸ್ಟರ್‌ನ ಕ್ಷಾರೀಯ ಜಲವಿಭಜನೆ’ ಅಂತ ಬರುವುದು ಇದೇ ಕ್ರಿಯೆ.

ಬಾಣ ಹಾಕುವುದು

ಈ ಭಾಗಕ್ಕೆ ಒಂದು ತಿಂಗಳಾದರೂ ಕೊಡಿ. ಬೇರೆ ಎಲ್ಲಿ ಅವಸರ ಮಾಡಿದರೂ ಇಲ್ಲಿ ಮಾಡಬೇಡಿ.

ಪ್ರೊಪೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರುವ ಕ್ರಿಯೆ ತೆಗೆದುಕೊಳ್ಳಿ. ದ್ವಿಬಂಧದ ಪೈ ಎಲೆಕ್ಟ್ರಾನ್‌ಗಳು ದಟ್ಟ ಜಾಗ. ಬ್ರೋಮಿನ್ ಎಲೆಕ್ಟ್ರಾನನ್ನು ತನ್ನತ್ತ ಎಳೆದುಕೊಂಡಿರುವುದರಿಂದ ಅದರ ಜೊತೆಗಿರುವ ಹೈಡ್ರೋಜನ್ ತೆಳು ಜಾಗ. ಮೊದಲ ಬಾಣ ದ್ವಿಬಂಧದ ನಡುವಿನಿಂದ ಹೊರಟು ಹೈಡ್ರೋಜನ್ ಮುಟ್ಟುತ್ತದೆ. ಹೈಡ್ರೋಜನ್‌ಗೆ ಎರಡು ಬಂಧ ಇರಲಾರದು, ಆದ್ದರಿಂದ ಎರಡನೇ ಬಾಣ ಹೈಡ್ರೋಜನ್-ಬ್ರೋಮಿನ್ ಬಂಧದಿಂದ ಬ್ರೋಮಿನ್ ಮೇಲೆ. ಹೈಡ್ರೋಜನ್ ತುದಿಯ ಕಾರ್ಬನ್‌ಗೆ ಅಂಟಿಕೊಂಡರೆ ಧನ ಆವೇಶ ನಡುವಿನ ಕಾರ್ಬನ್ ಮೇಲೆ ಕೂರುತ್ತದೆ. ಅಕ್ಕಪಕ್ಕ ಎರಡು ಮಿಥೈಲ್, ಒಟ್ಟು 6 ಆಲ್ಫಾ ಹೈಡ್ರೋಜನ್ (ಪಕ್ಕದ ಕಾರ್ಬನ್‌ಗಳ ಮೇಲಿನವು) ಅದಕ್ಕೆ ಆಸರೆ. ಹೈಡ್ರೋಜನ್ ನಡುವಿನ ಕಾರ್ಬನ್‌ಗೆ ಹೋದರೆ ಆವೇಶ ತುದಿಯಲ್ಲಿ, ಆಸರೆಗೆ ಬರೀ 2 ಆಲ್ಫಾ ಹೈಡ್ರೋಜನ್. ಕ್ರಿಯೆ ಮೊದಲನೇ ದಾರಿ ಹಿಡಿಯುತ್ತದೆ. ಮೂರನೇ ಬಾಣ ಬ್ರೋಮೈಡ್‌ನ ಎಲೆಕ್ಟ್ರಾನ್ ಜೋಡಿಯಿಂದ ಧನ ಆವೇಶದ ಕಾರ್ಬನ್‌ಗೆ. ಉತ್ಪನ್ನ 2-ಬ್ರೋಮೋಪ್ರೊಪೇನ್. ಇಷ್ಟು ಬರೆದ ಮೇಲೆ ಮಾರ್ಕೊವ್ನಿಕೋವ್ ನಿಯಮವನ್ನು (ಹೈಡ್ರೋಜನ್ ಹೆಚ್ಚಿರುವ ಕಾರ್ಬನ್‌ಗೇ ಹೊಸ ಹೈಡ್ರೋಜನ್ ಸೇರುತ್ತದೆ) ಪ್ರತ್ಯೇಕವಾಗಿ ನೆನಪಿಡುವ ಅಗತ್ಯವಿಲ್ಲ.

ಪೆರಾಕ್ಸೈಡ್ ಇದ್ದರೆ ಉತ್ಪನ್ನ ತಿರುಗಿ 1-ಬ್ರೋಮೋಪ್ರೊಪೇನ್ ಆಗುತ್ತದೆ. ಅಲ್ಲಿ ಮೊದಲು ದಾಳಿ ಮಾಡುವುದು ಒಂಟಿ ಎಲೆಕ್ಟ್ರಾನ್ ಹೊತ್ತ ಬ್ರೋಮಿನ್ ರ‍್ಯಾಡಿಕಲ್, ಹೈಡ್ರೋಜನ್ ಆಮೇಲೆ ಸೇರುತ್ತದೆ. ಹೈಡ್ರೋಜನ್ ಕ್ಲೋರೈಡ್‌ಗೆ ಇದು ಅನ್ವಯಿಸುವುದಿಲ್ಲ. ಅದರ ಬಂಧ (ಮೋಲ್‌ಗೆ ಸುಮಾರು 430 ಕಿಲೋಜೂಲ್) ಹೈಡ್ರೋಜನ್ ಬ್ರೋಮೈಡ್‌ನದಕ್ಕಿಂತ (ಸುಮಾರು 364) ಗಟ್ಟಿ, ರ‍್ಯಾಡಿಕಲ್‌ನಿಂದ ಒಡೆಯುವುದಿಲ್ಲ.

ಹಾಕಿದ ಪ್ರತಿ ಬಾಣಕ್ಕೂ ಮೂರು ತಪಾಸಣೆ ಮಾಡಿ. ಬಾಣದ ಬುಡ ಒಂದು ಬಂಧದ ಮೇಲೋ ಎಲೆಕ್ಟ್ರಾನ್ ಜೋಡಿಯ ಮೇಲೋ ಇದೆಯೇ? ಧನ ಆವೇಶದಿಂದ ಬಾಣ ಹೊರಡಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಕೊಡಲು ಏನೂ ಇಲ್ಲದ ಕಡೆಯಿಂದ ಬಾಣ ಹೊರಡುವುದು ಹೇಗೆ? ಬಾಣ ಬಂದು ತಲುಪಿದ ಮೇಲೆ ಕಾರ್ಬನ್‌ಗೆ ಐದು ಬಂಧ ಆಗಿಲ್ಲ ತಾನೇ? ಎಡಗಡೆಯ ಒಟ್ಟು ಆವೇಶ ಬಲಗಡೆಯದಕ್ಕೆ ಸಮನಿದೆಯೇ?

ಆಮ್ಲೀಯತೆಯ ಕ್ರಮ ಕೇಳುವ ಪ್ರಶ್ನೆಗಳಿಗೂ ಇದೇ ಕಣ್ಣು ಬೇಕು. ಪ್ರೋಟಾನ್ ಹೋದ ಮೇಲೆ ಉಳಿಯುವ ಋಣ ಆವೇಶ ಎಷ್ಟು ಹಂಚಿಹೋಗುತ್ತದೆ ಎಂದು ನೋಡಿ. ಎಥನಾಲ್‌ನ ಪಿಕೆಎ (ಆಮ್ಲದ ಬಲದ ಅಳತೆ, ಕಡಿಮೆಯಾದಷ್ಟೂ ಪ್ರಬಲ) ಸುಮಾರು 15.9, ಫೀನಾಲ್‌ನದು 10, ಪ್ಯಾರಾ-ನೈಟ್ರೋಫೀನಾಲ್‌ನದು 7.1, ಅಸಿಟಿಕ್ ಆಮ್ಲದ್ದು 4.76. ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಅಂದರೆ ಫೀನಾಲ್ ಎಥನಾಲ್‌ಗಿಂತ ಹತ್ತಿರ ಹತ್ತಿರ ಹತ್ತು ಲಕ್ಷ ಪಟ್ಟು ಪ್ರಬಲ. ಅದರ ಋಣ ಆವೇಶ ಬೆಂಜೀನ್ ಉಂಗುರದೊಳಗೆ ಹಂಚಿಕೊಳ್ಳುವುದೇ ಕಾರಣ. ಕಾರ್ಬಾನಿಕ್ ಆಮ್ಲ (ಸುಮಾರು 6.4) ಈ ಸಾಲಿನ ನಡುವೆ ಬರುತ್ತದೆ. ಅಸಿಟಿಕ್ ಆಮ್ಲಕ್ಕೆ ಸೋಡಿಯಂ ಬೈಕಾರ್ಬನೇಟ್ ಹಾಕಿದರೆ ಉಕ್ಕುತ್ತದೆ, ಫೀನಾಲ್‌ಗೆ ಹಾಕಿದರೆ ಸುಮ್ಮನಿರುತ್ತದೆ. ಇದು ಯಾಕೆಂದು ಈ ಅಂಕಿಗಳೇ ಹೇಳುತ್ತವೆ.

ಕ್ರಿಯೆಗಳ ನಕ್ಷೆ

ಎ3 ಅಳತೆಯ ಹಾಳೆ ಅಥವಾ ಹಳೆಯ ಕ್ಯಾಲೆಂಡರಿನ ಹಿಂಬದಿ ತೆಗೆದುಕೊಳ್ಳಿ. ಒಂದು ಹಾಳೆಗೆ ಒಂದೇ ಸಂಯುಕ್ತ ನಡುವೆ. ಬಾಣದ ಮೇಲೆ ರಾಸಾಯನಿಕ, ಕೆಳಗೆ ಉಷ್ಣಾಂಶ. ಉಷ್ಣಾಂಶ ಬಿಟ್ಟರೆ ನಕ್ಷೆ ಉಪಯೋಗಕ್ಕಿಲ್ಲ. ಎಥನಾಲ್‌ಗೆ ಸಾಂದ್ರ ಸಲ್ಫ್ಯೂರಿಕ್ ಆಮ್ಲ ಹಾಕಿ 443 ಕೆಲ್ವಿನ್‌ಗೆ ಕಾಯಿಸಿದರೆ ಈಥೀನ್, 413ಕ್ಕೆ ನಿಲ್ಲಿಸಿದರೆ ಈಥರ್. ಫೀನಾಲ್‌ಗೆ ಬ್ರೋಮಿನ್ ನೀರು ಹಾಕಿದರೆ ಬಿಳಿ ಟ್ರೈಬ್ರೋಮೋಫೀನಾಲ್ ಒತ್ತರಿಸುತ್ತದೆ. ಕಾರ್ಬನ್ ಡೈಸಲ್ಫೈಡ್‌ನಲ್ಲಿ ತಣ್ಣಗೆ ಮಾಡಿದರೆ ಒಂದೇ ಬ್ರೋಮಿನ್ ಸೇರುತ್ತದೆ. ಪ್ರೈಮರಿ ಆಲ್ಕೋಹಾಲ್‌ಗೆ ಪಿಸಿಸಿ (ಪಿರಿಡಿನಿಯಂ ಕ್ಲೋರೋಕ್ರೋಮೇಟ್ ಎಂಬ ಸೌಮ್ಯ ಉತ್ಕರ್ಷಕ) ಹಾಕಿದರೆ ಆಲ್ಡಿಹೈಡ್‌ನಲ್ಲಿ ನಿಲ್ಲುತ್ತದೆ, ಪರ್ಮಾಂಗನೇಟ್ ಹಾಕಿದರೆ ಆಮ್ಲದವರೆಗೂ ಹೋಗುತ್ತದೆ.

ಮೊದಲು ಬರೆಯಬೇಕಾದ ನಕ್ಷೆ ಡಯಜೋನಿಯಂ ಲವಣದ್ದು, ಅಂದರೆ ಬೆಂಜೀನ್ ಉಂಗುರಕ್ಕೆ ಎರಡು ಸಾರಜನಕ ಅಂಟಿದ ಧನ ಅಯಾನಿನ ಲವಣದ್ದು. ಬೆಂಜೀನ್‌ಗೆ ಸಾಂದ್ರ ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲ, 323ರಿಂದ 333 ಕೆಲ್ವಿನ್, ನೈಟ್ರೋಬೆಂಜೀನ್. ತವರ ಅಥವಾ ಕಬ್ಬಿಣ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಿಂದ ಅನಿಲೀನ್. ಸೋಡಿಯಂ ನೈಟ್ರೈಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ, 273ರಿಂದ 278 ಕೆಲ್ವಿನ್, ಡಯಜೋನಿಯಂ ಲವಣ. ಅಲ್ಲಿಂದ ನೆಂಟರ ಮನೆಗೆ ಹೋದಂತೆ ಎಲ್ಲ ಕಡೆಗೂ ದಾರಿ: ಕ್ಯುಪ್ರಸ್ ಕ್ಲೋರೈಡ್‌ನಿಂದ ಕ್ಲೋರೋಬೆಂಜೀನ್, ಕ್ಯುಪ್ರಸ್ ಸಯನೈಡ್‌ನಿಂದ ಬೆಂಜೋನೈಟ್ರೈಲ್, ಪೊಟ್ಯಾಸಿಯಂ ಅಯೋಡೈಡ್‌ನಿಂದ ಅಯೋಡೋಬೆಂಜೀನ್, ಫ್ಲೂರೋಬೋರಿಕ್ ಆಮ್ಲ ಹಾಕಿ ಕಾಯಿಸಿದರೆ ಫ್ಲೂರೋಬೆಂಜೀನ್, ಬೆಚ್ಚಗಿನ ನೀರಿನಿಂದ ಫೀನಾಲ್, ಹೈಪೋಫಾಸ್ಫರಸ್ ಆಮ್ಲದಿಂದ ಮತ್ತೆ ಬೆಂಜೀನ್. ಪರಿವರ್ತನೆಯ ಪ್ರಶ್ನೆಗಳಲ್ಲಿ ಬೆಂಜೀನ್ ಉಂಗುರ ಕಂಡಾಗ ಮೊದಲು ಈ ಹಾಳೆ ನೆನೆಯಿರಿ.

ಪರಿವರ್ತನೆಯನ್ನು ಹಿಂದಿನಿಂದ ಬಿಡಿಸಬೇಕು, ಅದಕ್ಕೂ ಮುಂಚೆ ಕಾರ್ಬನ್ ಎಣಿಸಬೇಕು. ಒಂದು ಹೆಚ್ಚಾಗಿದ್ದರೆ ಸಯನೈಡ್ ದಾರಿ, ಒಂದು ಕಡಿಮೆಯಾಗಿದ್ದರೆ ಹಾಫ್‌ಮನ್ ಬ್ರೋಮಮೈಡ್ (ಅಮೈಡ್‌ನಿಂದ ಅಮೀನ್) ಅಥವಾ ಸೋಡಾಲೈಮ್ (ಆಮ್ಲದ ಲವಣದಿಂದ ಹೈಡ್ರೋಕಾರ್ಬನ್). ಅನಿಲೀನ್‌ನಿಂದ ಪ್ಯಾರಾ-ಬ್ರೋಮೋಅನಿಲೀನ್ ಕೇಳಿದರೆ ನೇರ ಬ್ರೋಮಿನ್ ಹಾಕುವುದು ತಪ್ಪು. ಸಾರಜನಕದ ಎಲೆಕ್ಟ್ರಾನ್ ಜೋಡಿ ಉಂಗುರವನ್ನು ಎಷ್ಟು ದಟ್ಟ ಮಾಡುತ್ತದೆಂದರೆ ಮೂರು ಬ್ರೋಮಿನ್ ಸೇರಿಬಿಡುತ್ತವೆ. ಮೊದಲು ಅಸಿಟಿಕ್ ಅನ್‌ಹೈಡ್ರೈಡ್‌ನಿಂದ ಅಸಿಟನಿಲೈಡ್ ಮಾಡಿ. ಆಗ ಆ ಜೋಡಿ ಪಕ್ಕದ ಕಾರ್ಬನೈಲ್ ಕಡೆಗೂ ಹಂಚಿಹೋಗಿ ಉಂಗುರ ತಣ್ಣಗಾಗುತ್ತದೆ. ಅಸಿಟಿಕ್ ಆಮ್ಲದಲ್ಲಿ ಬ್ರೋಮಿನ್ ಹಾಕಿದರೆ ಮುಖ್ಯವಾಗಿ ಪ್ಯಾರಾ ಜಾಗಕ್ಕೆ ಸೇರುತ್ತದೆ. ಕೊನೆಗೆ ಜಲವಿಭಜನೆ ಮಾಡಿ ಅಸಿಟೈಲ್ ಮುಚ್ಚಳ ತೆಗೆಯಿರಿ.

ಲ್ಯಾಬಿನಲ್ಲಿ ಕೆಡುವ ಎರಡು ಪರೀಕ್ಷೆಗಳು

ಕನ್ನಡಕ, ಏಪ್ರನ್ ಇಲ್ಲದೆ, ಉಪನ್ಯಾಸಕರು ಪಕ್ಕದಲ್ಲಿಲ್ಲದೆ ಇವನ್ನು ಮಾಡಬೇಡಿ.

ಆಲ್ಡಿಹೈಡ್ ಪತ್ತೆಹಚ್ಚುವ ಟಾಲೆನ್ಸ್ ಪರೀಕ್ಷೆಯಲ್ಲಿ ಬೆಳ್ಳಿಯ ಕನ್ನಡಿ ಬರದೆ ಕಪ್ಪು ಪುಡಿ ಬಂದರೆ ಬಹುಪಾಲು ಕೊಳಕು ಟೆಸ್ಟ್‌ಟ್ಯೂಬಿನ ತಪ್ಪು. ಸಾಬೂನಿನಿಂದ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಜಾಲಿಸಿ. ಶೇಕಡಾ 2ರ ಸಿಲ್ವರ್ ನೈಟ್ರೇಟ್ 1 ಮಿಲಿ, ಅದಕ್ಕೆ ಶೇಕಡಾ 10ರ ಸೋಡಿಯಂ ಹೈಡ್ರಾಕ್ಸೈಡ್ 1 ಹನಿ. ಕಂದು ಒತ್ತರ ಬರುತ್ತದೆ. ದುರ್ಬಲ ಅಮೋನಿಯಾವನ್ನು ಹನಿಹನಿಯಾಗಿ ಬಿಡುತ್ತಾ ಅಲ್ಲಾಡಿಸಿ, ಒತ್ತರ ಕರಗಿದ ಕ್ಷಣ ನಿಲ್ಲಿಸಿ. ಅಮೋನಿಯಾ ಹೆಚ್ಚಾದರೆ ಕನ್ನಡಿ ಮೂಡುವುದಿಲ್ಲ. ಸಂಯುಕ್ತ 3-4 ಹನಿ ಹಾಕಿ ಬಿಸಿನೀರಿನ ಬೀಕರಿನಲ್ಲಿ 5 ನಿಮಿಷ ಅಲ್ಲಾಡಿಸದೆ ಇಡಿ. ನೇರ ಜ್ವಾಲೆಗೆ ಹಿಡಿಯಬೇಡಿ. ಮಿಕ್ಕ ದ್ರಾವಣವನ್ನು ನಾಳೆಗೆಂದು ಇಡಲೇಬಾರದು, ಹಳೆಯದಾದರೆ ಸ್ಫೋಟಕ ವಸ್ತು ಆಗುತ್ತದೆ. ಕೂಡಲೇ ದುರ್ಬಲ ನೈಟ್ರಿಕ್ ಆಮ್ಲ ಹಾಕಿ ಉಪನ್ಯಾಸಕರು ಹೇಳಿದ ಕಡೆ ಸುರಿಯಿರಿ. ಬೆಂಜಾಲ್ಡಿಹೈಡ್ ಇಲ್ಲಿ ಕನ್ನಡಿ ಕೊಡುತ್ತದೆ, ಫೆಹ್ಲಿಂಗ್ ದ್ರಾವಣಕ್ಕೆ ಕೆಂಪು ಒತ್ತರ ಕೊಡುವುದಿಲ್ಲ. ವೈವಾದಲ್ಲಿ ಇದನ್ನು ಕೇಳುವ ಸಂಭವ ಹೆಚ್ಚು.

ಇನ್ನೊಂದು ಅಮೀನಿನ ಬಣ್ಣದ ಪರೀಕ್ಷೆ. ಮೂರು ಟೆಸ್ಟ್‌ಟ್ಯೂಬ್ ತೆಗೆದುಕೊಳ್ಳಿ: ಮೊದಲನೆಯದರಲ್ಲಿ ಅನಿಲೀನ್ 4-5 ಹನಿ ಮತ್ತು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ 2 ಮಿಲಿ, ಎರಡನೆಯದರಲ್ಲಿ ಸೋಡಿಯಂ ನೈಟ್ರೈಟ್ ದ್ರಾವಣ 2 ಮಿಲಿ, ಮೂರನೆಯದರಲ್ಲಿ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿದ ಬೀಟಾ-ನ್ಯಾಫ್ತಾಲ್ 2 ಮಿಲಿ. ಮೂರನ್ನೂ ಒಂದೇ ಐಸ್ ಬೀಕರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಆಮೇಲೆಯೇ ಎರಡನೆಯದನ್ನು ಮೊದಲನೆಯದಕ್ಕೆ ನಿಧಾನವಾಗಿ ಸುರಿಯಿರಿ, ಅದನ್ನು ಮೂರನೆಯದಕ್ಕೆ. ಕಿತ್ತಳೆ-ಕೆಂಪು ಬಣ್ಣ ಬರಬೇಕು. ಐಸ್ ಸಾಲದೆ 5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗುಳ್ಳೆ ಏಳುತ್ತವೆ. ಅದು ಸಾರಜನಕ, ಡಯಜೋನಿಯಂ ಒಡೆದು ಫೀನಾಲ್ ಆಗುತ್ತಿದೆ ಎಂದರ್ಥ. ಗುಳ್ಳೆ ಇಲ್ಲದೆಯೂ ಬಣ್ಣ ಬರಲಿಲ್ಲವೆಂದರೆ ಕ್ಷಾರ ಕಡಿಮೆಯಾಗಿ ನ್ಯಾಫ್ತಾಲ್ ತನ್ನ ಪ್ರೋಟಾನ್ ಬಿಟ್ಟಿಲ್ಲ. ಮಿಶ್ರಣವನ್ನು ಲಿಟ್ಮಸ್‌ಗೆ ಹಚ್ಚಿ ನೋಡಿ.

ದಿನದ ಲೆಕ್ಕ

ದಿನಕ್ಕೆ 45 ನಿಮಿಷ ಸಾಕು, ಆದರೆ ದಿನವೂ ಬೇಕು. ಮೊದಲ 10 ನಿಮಿಷ ಪುಸ್ತಕ ಮುಚ್ಚಿ ನಿನ್ನೆಯ ನಕ್ಷೆಯನ್ನು ಖಾಲಿ ಹಾಳೆಯ ಮೇಲೆ ಬರೆಯಿರಿ. ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿ. ನಾಳೆ ಕೆಂಪಿನ ಭಾಗ ಮಾತ್ರ ಮತ್ತೆ ಬರೆದರೆ ಸಾಕು. ಉಳಿದ ಹೊತ್ತಿನಲ್ಲಿ ಒಂದು ಹೊಸ ಕ್ರಿಯೆ, ಎರಡು ಪರಿವರ್ತನೆ. ಸಕಲೇಶಪುರದಿಂದ ಹಾಸನಕ್ಕೆ, ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಓಡಾಡುವವರು ಪೋಸ್ಟ್‌ಕಾರ್ಡ್ ಅರ್ಧ ಮಾಡಿ ಒಂದು ಬದಿ ರಾಸಾಯನಿಕ, ಇನ್ನೊಂದು ಬದಿ ಅದರ ಕೆಲಸ ಬರೆದಿಟ್ಟುಕೊಳ್ಳಿ. ಕುಲುಕುವ ಬಸ್ಸಿನಲ್ಲಿ ಬಾಣ ಬರೆಯಲಾಗುವುದಿಲ್ಲ, ಕಾರ್ಡ್ ತಿರುಗಿಸಬಹುದು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಊರುಗಳಲ್ಲಿ ವಿಡಿಯೋ ಪಾಠದ ಮೇಲೆ ಮಾತ್ರ ನೆಚ್ಚಿಕೊಳ್ಳಬೇಡಿ, ಗೋಡೆಗೆ ಅಂಟಿಸಿದ ನಕ್ಷೆ ಮೇಣದಬತ್ತಿಯಲ್ಲೂ ಕಾಣುತ್ತದೆ.

ಕೆಸಿಇಟಿಯಲ್ಲಿ ರಸಾಯನಶಾಸ್ತ್ರದ 60 ಪ್ರಶ್ನೆಗೆ 80 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ನೀಟ್‌ನಲ್ಲಿ ತಪ್ಪಿಗೆ 1 ಅಂಕ ಹೋಗುತ್ತದೆ, ಅಲ್ಲಿ ನಾಲ್ಕರಲ್ಲಿ ಎರಡು ಆಯ್ಕೆಯನ್ನು ಕಾರಣ ಸಹಿತ ಹೊಡೆದುಹಾಕಲು ಆಗದಿದ್ದರೆ ಮುಂದೆ ಹೋಗಿ. ಬೋರ್ಡ್ ಪರೀಕ್ಷೆಯ ಉತ್ತರದಲ್ಲಿ ರಾಸಾಯನಿಕವನ್ನು ಬಾಣದ ಮೇಲೆ, ಉಷ್ಣಾಂಶವನ್ನು ಕೆಳಗೆ ಬರೆದ ನಂತರ, ಪೆನ್ನು ಎತ್ತುವ ಮುಂಚೆ ಪ್ರತಿ ಕಾರ್ಬನ್‌ನ ಬಂಧ ಎಣಿಸಿ: ನಾಲ್ಕು ಇರಬೇಕು.